ಮಾರಿಗುಡಿ ಯಾವ ಕಡೆ?

ಕಾರವಾರದಲ್ಲಿ ಬೆಳೆದವನಿಗೆ ದಿಕ್ಕಿನ ಚಿಂತೆಯೇ ಇಲ್ಲ. ಸಮುದ್ರ ಪಶ್ಚಿಮಕ್ಕೆ, ಕಾಳಿ ಸೇತುವೆ ಉತ್ತರಕ್ಕೆ. ಹಾಗಾಗಿ ದಾರಿ ಹಿಡಿಯುವುದರಲ್ಲಿ ನಾನು ಗಟ್ಟಿ ಅಂದುಕೊಂಡಿದ್ದೆ. ಕೊರಿಯರ್ ಕೆಲಸಕ್ಕೆ ಶಿರಸಿಗೆ ಬಂದ ಮೊದಲ ಮಳೆಗಾಲದಲ್ಲೇ ಆ ಜಂಬ ಇಳಿಯಿತು.

ಇಲ್ಲಿ ಸಮುದ್ರ ಇಲ್ಲ, ಜುಲೈನಲ್ಲಿ ಸೂರ್ಯನೂ ಇಲ್ಲ. ಎಲ್ಲಿ ನೋಡಿದರೂ ಅಡಿಕೆ ತೋಟ, ಮಣ್ಣು ರಸ್ತೆ. ಪಾರ್ಸೆಲ್ ಮೇಲೆ ಹೆಗಡೆ ಅಂತಿರುತ್ತದೆ, ಊರಿಗೆ ಹೋದರೆ ನಾಲ್ಕು ಮನೆ ಹೆಗಡೆಯವರದ್ದೇ! ಫೋನಿನ ಮ್ಯಾಪ್ ತಿರುಗು ಅಂದಲ್ಲಿ ತಿರುಗುತ್ತಿದ್ದೆ. ನೆಟ್‌ವರ್ಕ್ ಹೋದರೆ ಮುಗೀತು. ಒಂದು ಸಂಜೆ ಅದೇ ದಣಪೆಯ (ಬೇಲಿ ಬಾಗಿಲಿನ) ಮುಂದೆ ಮೂರನೇ ಸಲ ಬಂದು ನಿಂತೆ. ಜಗಲಿಯಲ್ಲಿದ್ದ ಅಜ್ಜ ಕೇಳಿದರು: "ತಮಾ, ಹೋಗೋವಾಗ ಒಂದ್ಸಲನಾದ್ರೂ ಹಿಂದೆ ತಿರುಗಿ ನೋಡಿದ್ಯಾ?"

ನೋಡಿರಲಿಲ್ಲ. ಹೋಗುವಾಗ ಕಂಡ ಕವಲು ಬರುವಾಗ ಬೇರೆಯೇ ಥರ ಕಾಣುತ್ತದೆ, ಅಲ್ವಾ?

ಅವತ್ತಿಂದ ಪ್ರತಿ ಕವಲಿನಲ್ಲೂ ಬೈಕ್ ನಿಲ್ಲಿಸಿ ಹಿಂದೆ ನೋಡತೊಡಗಿದೆ. ಪಾರ್ಸೆಲ್ ಕೊಟ್ಟ ಅಂಗಳದಲ್ಲಿ ನಿಂತು ಶಿರಸಿ ಪೇಟೆಯ ಮಾರಿಗುಡಿ ಯಾವ ಕಡೆ ಅಂತ ಬೆರಳು ತೋರಿಸಿ, ಆಮೇಲೆ ಫೋನ್ ನೋಡುತ್ತಿದ್ದೆ. ಮೊದಮೊದಲು ಎಲ್ಲ ಉಲ್ಟಾ. ರಾತ್ರಿ ಆ ದಿನದ ದಾರಿಯನ್ನು ಹಾಳೆಯ ಮೇಲೆ ಗೀಚುತ್ತಿದ್ದೆ. ಎರಡು ತಿಂಗಳಿಗೆ ಬೆರಳು ಸುಮಾರಾಗಿ ಸರಿ ಬೀಳತೊಡಗಿತು.

ನನ್ನ ಜೊತೆಗಾರ ಇದೇನೂ ಮಾಡದೆ ನನಗಿಂತ ಮುಂದಿದ್ದ. ಬ್ಯಾಗಿನಲ್ಲಿ ಡಬ್ಬ ಜೋಡಿಸಲು ಅವನಿಗೆ ಬರುವುದಿಲ್ಲ, ಅದರಲ್ಲಿ ನಾನೇ ಚುರುಕು. ಆದರೆ ಕೈಯಲ್ಲಿರುವ ವಸ್ತುವಿನ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ. ಮನೋವಿಜ್ಞಾನಿ ಮೇರಿ ಹೆಗಾರ್ಟಿ ಮತ್ತು ಸಂಗಡಿಗರು 2006ರಲ್ಲಿ ಪರೀಕ್ಷೆ ಮಾಡಿದಾಗಲೂ ಈ ಎರಡು ಜಾಣತನ ಪೂರ್ತಿ ಒಂದೇ ಅಲ್ಲ ಅಂತ ಕಂಡಿತ್ತು. ಅವನು ದಾರಿ ತಪ್ಪಿದರೆ ನಗುತ್ತಾನೆ, ಸಿಕ್ಕವರನ್ನು ಮಾತಾಡಿಸುತ್ತಾನೆ, ಕಷಾಯ ಕುಡಿದು ಬರುತ್ತಾನೆ. ಮರುದಿನ ಸುಮ್ನೆ ಬೇರೆ ದಾರಿ ಹಿಡಿಯುತ್ತಾನೆ. ನನಗೆ ಕೇಳಲು ನಾಚಿಕೆ, ತಪ್ಪುವ ಭಯ. ಹಾಗಾಗಿ ಗೊತ್ತಿದ್ದ ರಸ್ತೆ ಬಿಡುತ್ತಿರಲಿಲ್ಲ. ಈ ಭಯವನ್ನು ಇನ್ನೊಬ್ಬ ಮನೋವಿಜ್ಞಾನಿ ಕರೋಲ್ ಲಾಟನ್ 1994ರಲ್ಲೇ ಅಳೆದಿದ್ದರು. ಅದು ಜಾಸ್ತಿ ಇದ್ದವರು ದಿಕ್ಕಿನ ಲೆಕ್ಕ ಇಟ್ಟು ಓಡಾಡುವುದು ಕಡಿಮೆಯಂತೆ. ಓದಿದಾಗ ನನ್ನ ಜಾತಕವನ್ನೇ ಯಾರೋ ಬರೆದಂತಿತ್ತು.

ಈಗ ಬೆಳಿಗ್ಗೆ ಅವನ ಬ್ಯಾಗ್ ನಾನು ತುಂಬಿಕೊಡುತ್ತೇನೆ. ವಾರಕ್ಕೊಂದು ಸಲ, ಮಳೆ ಇಲ್ಲದ ದಿನ ನೋಡಿ, ಅವನು ಹೇಳಿದ ಹೊಸ ಅಡ್ಡದಾರಿಗೆ ಬೈಕ್ ಇಳಿಸುತ್ತೇನೆ. ಫೋನ್ ಮಾತ್ರ ಇನ್ನೂ ಜೇಬಿನಲ್ಲೇ ಇರುತ್ತದೆ.