ಸುನಾಮಿ ತೆರವು ಫಲಕಗಳು: ಕರಾವಳಿಯುದ್ದಕ್ಕೂ ಒಂದೇ ಅರ್ಥ ಬರುವಂತೆ ಹಾಕುವುದು

ಫಲಕಕ್ಕಿಂತ ಮೊದಲು ನಕ್ಷೆಗಳು ಒಂದಕ್ಕೊಂದು ಹೊಂದಿಕೆಯಾಗಬೇಕು. ಅಕ್ಕಪಕ್ಕದ ಎರಡು ಆಡಳಿತಗಳು ಮುಳುಗಡೆಯ ಗೆರೆಯನ್ನು (ಸುನಾಮಿ ನೀರು ಎಲ್ಲಿಯವರೆಗೆ ನುಗ್ಗಬಹುದೆಂಬ ಗೆರೆ) ಬೇರೆ ಬೇರೆ ಲೆಕ್ಕ ಹಿಡಿದು ಎಳೆದಿದ್ದರೆ ಗಡಿಯಲ್ಲಿ ಆ ಗೆರೆಗಳು ಕೂಡುವುದೇ ಇಲ್ಲ; ಒಬ್ಬರ ಸುರಕ್ಷಿತ ಜಾಗ ಇನ್ನೊಬ್ಬರ ಅಪಾಯ ವಲಯವಾಗಿರುತ್ತದೆ. ಎರಡೂ ಕಡೆಯವರು ಒಂದೇ ಅಲೆಯೆತ್ತರ, ಒಂದೇ ಉಬ್ಬರ ಮಟ್ಟ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಲಿ.

ಆಮೇಲೆ ಬಣ್ಣ. ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಪದ್ಧತಿಯಲ್ಲಿ ಎಚ್ಚರಿಕೆಗೆ ಕಪ್ಪು ಅಂಚಿನ ಹಳದಿ ತ್ರಿಕೋನ, ಪಾರಾಗುವ ಜಾಗಕ್ಕೆ ಹಸಿರಿನ ಮೇಲೆ ಬಿಳಿ ಚಿತ್ರ. ಜಪಾನ್ ಹಸಿರನ್ನೇ ಬಳಸುತ್ತದೆ. ಅಮೆರಿಕದ ಪೆಸಿಫಿಕ್ ತೀರದಲ್ಲೂ ನ್ಯೂಜಿಲೆಂಡಿನಲ್ಲೂ ರೂಢಿಯಲ್ಲಿರುವುದು ನೀಲಿ-ಬಿಳಿ. ಹೊಸದಾಗಿ ಶುರು ಮಾಡುವವರು ನೈಸರ್ಗಿಕ ವಿಕೋಪಗಳ ದಾರಿಸೂಚನೆಗೆಂದೇ 2022ರಲ್ಲಿ ಬಂದ ಐಎಸ್‌ಒ 22578 ಮಾನಕವನ್ನು ಹಿಡಿಯುವುದು ಒಳ್ಳೆಯದು. ಈಗಾಗಲೇ ನೀಲಿ ಇರುವ ಕಡೆ ಅರ್ಧಂಬರ್ಧ ಹಸಿರು ಸೇರಿಸುವುದು ಮಾತ್ರ ಬೇಡ. ಬದಲಿಸುವುದಾದರೆ ಒಂದು ದಾರಿಯ ಫಲಕಗಳನ್ನೆಲ್ಲ ಒಂದೇ ಸಲ ಬದಲಿಸಿ.

ಎಲ್ಲರೂ ಎಡವುವುದು ಬಾಣದಲ್ಲಿ. ಚಂಡಮಾರುತಕ್ಕೆ ಮುಂಚಿತವಾಗಿಯೇ ವಾಹನದಲ್ಲಿ ಹೊರಡಬಹುದು, ಹೆದ್ದಾರಿ ಕಡಲ ಪಕ್ಕದಲ್ಲೇ ಸಾಗಿದರೂ ನಡೆದೀತು. ತೀರದ ಸಮೀಪದಲ್ಲೇ ಹುಟ್ಟಿದ ಸುನಾಮಿಗೆ ಸಿಗುವುದು ಕೆಲವೇ ನಿಮಿಷ, ಕಾಲ್ನಡಿಗೆಯಲ್ಲಿ ಎತ್ತರಕ್ಕೆ ಓಡಬೇಕು. ಎರಡಕ್ಕೂ ಒಂದೇ ‘ತೆರವು ಮಾರ್ಗ’ ಫಲಕ ಹಾಕಿದರೆ ಒಂದಕ್ಕೆ ದಾರಿ ತಪ್ಪುವುದು ಖಂಡಿತ. ಯಾವ ಅಪಾಯಕ್ಕೆ ಎಂಬ ಚಿತ್ರ ಪ್ರತಿ ಬಾಣದ ಪಕ್ಕದಲ್ಲೂ ಇರಲಿ.

ಫಲಕಗಳು ಸರಪಳಿಯಂತೆ ಬರಬೇಕು: ವಲಯಕ್ಕೆ ಕಾಲಿಡುವಲ್ಲಿ ಎಚ್ಚರಿಕೆ, ಪ್ರತಿ ತಿರುವಿನಲ್ಲಿ ಬಾಣ ಮತ್ತು ಉಳಿದ ದೂರ, ಕೊನೆಗೆ ವಲಯ ಮುಗಿಯಿತೆಂಬ ಫಲಕ. ಈ ಕೊನೆಯದನ್ನೇ ಹೆಚ್ಚಾಗಿ ಮರೆಯುತ್ತಾರೆ. ಅದಿಲ್ಲದಿದ್ದರೆ ಕೆಲವರು ಅರ್ಧ ದಾರಿಯಲ್ಲೇ ನಿಲ್ಲುತ್ತಾರೆ, ಕೆಲವರು ಅನಗತ್ಯವಾಗಿ ಮುಂದೆ ಹೋಗಿ ರಸ್ತೆಗೆ ಅಡ್ಡಿಯಾಗುತ್ತಾರೆ. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ರಸ್ತೆಗೇ ನೀಲಿ ಗೆರೆ ಬಳಿದು ಸುರಕ್ಷಿತ ಎತ್ತರ ಎಲ್ಲಿಂದ ಎಂದು ತೋರಿಸಿದ್ದಾರೆ. ಕಂಬವೂ ಬೇಡದ ಜಾಣ ಉಪಾಯ.

ಅಳತೆಗೆ ಸರಳ ಲೆಕ್ಕವಿದೆ: ಚೆನ್ನಾಗಿ ಬೆಳಕು ಬೀಳುವ ಫಲಕಕ್ಕೆ ನೋಡುವ ದೂರವನ್ನು 100ರಿಂದ ಭಾಗಿಸಿ. 30 ಮೀಟರ್‌ನಿಂದ ಕಾಣಬೇಕಾದರೆ ಚಿತ್ರಫಲಕದ ಎತ್ತರ ಕನಿಷ್ಠ 30 ಸೆಂ.ಮೀ. ಬೆಳಕು ಕಡಿಮೆಯಿದ್ದರೆ ಇನ್ನೂ ದೊಡ್ಡದು ಬೇಕು. ವಿದ್ಯುತ್ ಹೋದಾಗ ಟಾರ್ಚ್ ಬೆಳಕಿಗಾದರೂ ಹೊಳೆಯಲೆಂದು ಪ್ರತಿಫಲಕ ಹಾಳೆ ಅಂಟಿಸಿ.

ಕಡಲ ಗಾಳಿಗೆ ಅಲ್ಯೂಮಿನಿಯಂ ಹಲಗೆ, 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ಸರಿ. ನಡುವೆ ನೈಲಾನ್ ವಾಷರ್ ಬೇಕೇಬೇಕು. ಎರಡು ಲೋಹ ನೇರ ತಾಗಿದರೆ ಉಪ್ಪುನೀರಿನ ತೇವಕ್ಕೆ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಸವೆಯುತ್ತದೆ. ಒಂದೇ ಬೋಲ್ಟ್ ಹಾಕಿದರೆ ಬಿರುಗಾಳಿಗೆ ಹಲಗೆ ತಿರುಗಿ, ಬಾಣ ಕಡಲಿನತ್ತ ಮುಖಮಾಡುತ್ತದೆ. ಎರಡು ಬೋಲ್ಟ್ ಹಾಕಿ; ಗುಂಡನೆಯ ಕಂಬವಾದರೆ ಹಲಗೆಯನ್ನು ಕಂಬಕ್ಕೆ ಹಿಡಿದಿಡುವ ಪಟ್ಟಿ ಜಾರದಂತೆ ಕಂಬಕ್ಕೇ ತೂತು ಕೊರೆದು ಬಿಗಿಯಿರಿ.

ಕೊನೆಗೆ, ಊರಿನ ಪರಿಚಯವಿಲ್ಲದವರೊಬ್ಬರನ್ನು ಗಡಿಯ ಆಚೆಯಿಂದ ಈಚೆಗೆ, ಹಗಲೊಮ್ಮೆ ಇರುಳೊಮ್ಮೆ, ಫಲಕ ನೋಡಿಕೊಂಡೇ ನಡೆಯಲು ಬಿಡಿ. ಅವರು ತಡೆದು ನಿಂತ ಪ್ರತಿ ಜಾಗವನ್ನೂ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ: ಅಲ್ಲಿ ಇನ್ನೊಂದು ಫಲಕ ಬೇಕು, ಇಲ್ಲವೇ ಕೊಂಬೆ ಕಡಿಯಬೇಕು.