ಮೈಕ್ರೋವೇವ್ ಬೆಂಚ್‌ನಲ್ಲಿ ಸರಿಯಾದ ಅಳತೆ ತೆಗೆಯುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುವವರಿಗೆ ಮೈಕ್ರೋವೇವ್ ಪೇಪರ್ ಎಂದರೆ ಶುರುವಿನಲ್ಲೇ ಒಂದು ಅಳುಕು. ಬೋರ್ಡ್ ಮೇಲೆ ಬರೆದ ಸಮೀಕರಣಗಳು ಕಣ್ಣಿಗೆ ಕಾಣದ ಅಲೆಯ ಬಗ್ಗೆ ಮಾತಾಡುತ್ತವೆ. ಅದೇ ಅಲೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ನೋಡುವ ಅವಕಾಶ ಇರುವುದು ಲ್ಯಾಬ್‌ನ ಎಕ್ಸ್ ಬ್ಯಾಂಡ್ ಬೆಂಚ್‌ನಲ್ಲಿ. ಗೈಡ್ ತರಂಗಾಂತರವೊಂದನ್ನು, ಅಂದರೆ ವೇವ್‌ಗೈಡ್ ಎಂಬ ಲೋಹದ ಕೊಳವೆಯೊಳಗಿನ ಅಲೆಯ ಉದ್ದವನ್ನು, ನೆಟ್ಟಗೆ ಅಳೆಯಲು ಬಂದರೆ ಅರ್ಧ ಕೋರ್ಸ್ ಅರ್ಥವಾದಂತೆಯೇ. ಆದರೆ ಬಹಳಷ್ಟು ರೆಕಾರ್ಡ್‌ಗಳಲ್ಲಿ ಉತ್ತರ ತಪ್ಪುವುದು ರೀಡಿಂಗ್ ತೆಗೆಯುವಾಗಲ್ಲ, ಅದಕ್ಕೂ ಮುಂಚೆ, ಬೆಂಚ್ ಸಿದ್ಧ ಮಾಡುವಾಗ.

ಜೋಡಣೆ

ಎಡದಿಂದ ಬಲಕ್ಕೆ ಸಾಲು ಹೀಗಿರಲಿ: ಕ್ಲೈಸ್ಟ್ರಾನ್ (ಅಲೆ ಹುಟ್ಟಿಸುವ ಟ್ಯೂಬ್) ಮೌಂಟ್, ಐಸೋಲೇಟರ್ (ಅಲೆಯನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ವೇರಿಯಬಲ್ ಅಟೆನ್ಯುಯೇಟರ್ (ಪವರ್ ತಗ್ಗಿಸುವ ಭಾಗ), ಫ್ರೀಕ್ವೆನ್ಸಿ ಮೀಟರ್, ಸ್ಲಾಟೆಡ್ ಲೈನ್ (ಉದ್ದಕ್ಕೂ ಸೀಳಿರುವ, ಪ್ರೋಬ್ ಸರಿಸಿ ಅಲೆ ಅಳೆಯುವ ವೇವ್‌ಗೈಡ್), ಕೊನೆಯಲ್ಲಿ ಲೋಡ್. ಐಸೋಲೇಟರ್ ಮೇಲಿನ ಬಾಣ ಲೋಡ್ ಕಡೆ ತಿರುಗಿರಬೇಕು. ಅದು ಉಲ್ಟಾ ಆದರೆ ಮೀಟರ್ ಮುಳ್ಳು ಅಲುಗುವುದೇ ಇಲ್ಲ, ಅರ್ಧ ಗಂಟೆ ಕೇಬಲ್ ಮೇಲೆ ಅನುಮಾನಪಟ್ಟು ಕೂರುತ್ತೀರಿ. ಫ್ಲೇಂಜ್‌ಗಳ ಮುಖವನ್ನು ಒಣ ಬಟ್ಟೆಯಿಂದ ಒರೆಸಿ, ನಾಲ್ಕೂ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ಮೂಲೆ ಬಿಗಿಯಾಗಿ ಇನ್ನೊಂದು ಮೂಲೆ ಬಾಯಿ ಬಿಟ್ಟರೆ ಅಲ್ಲಿಂದಲೇ ಒಂದಿಷ್ಟು ಅಲೆ ವಾಪಸ್ ಬರುತ್ತದೆ.

ಈ ಬೆಂಚ್‌ನ ವೇವ್‌ಗೈಡ್‌ನ ಒಳ ಅಳತೆ 22.86 x 10.16 ಮಿ.ಮೀ. ಅಗಲದ ಎರಡರಷ್ಟು, ಅಂದರೆ 45.72 ಮಿ.ಮೀ., ಇದರ ಕಟಾಫ್ ತರಂಗಾಂತರ. 6.56 ಗಿಗಾಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಅಲೆ ಈ ಕೊಳವೆಯಲ್ಲಿ ಸಾಗುವುದೇ ಇಲ್ಲ. ಈ ಎರಡು ಅಂಕಿಗಳನ್ನು ರೆಕಾರ್ಡ್‌ನ ಮೇಲ್ತುದಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತವೆ.

ಕ್ಲೈಸ್ಟ್ರಾನ್ ಆನ್ ಮಾಡುವ ಕ್ರಮ

ಬೀಮ್ ವೋಲ್ಟೇಜ್ ನಾಬ್ ಪೂರ್ತಿ ಎಡಕ್ಕೆ, ಅಂದರೆ ಕನಿಷ್ಠಕ್ಕೆ. ರಿಪೆಲ್ಲರ್ ನಾಬ್ ಪೂರ್ತಿ ಬಲಕ್ಕೆ, ಅಂದರೆ ಗರಿಷ್ಠ ಋಣ ವೋಲ್ಟೇಜ್‌ಗೆ. ಮಾಡ್ಯುಲೇಷನ್ ಸ್ವಿಚ್ ಎಎಂ (ಆಂಪ್ಲಿಟ್ಯೂಡ್ ಮಾಡ್ಯುಲೇಷನ್) ಕಡೆಗಿರಲಿ. ಫ್ಯಾನ್ ಹಾಕಿ, ಆಮೇಲೆ ಪವರ್ ಸಪ್ಲೈ ಹಾಕಿ, ಫಿಲಮೆಂಟ್ ಕಾಯಲು ಕೆಲವು ನಿಮಿಷ ಬಿಡಿ. ನಂತರವೇ ಬೀಮ್ ವೋಲ್ಟೇಜ್ ನಿಧಾನವಾಗಿ ಏರಿಸಿ. ನಿಮ್ಮ ಕ್ಲೈಸ್ಟ್ರಾನ್ 2ಕೆ25 ಮಾದರಿಯ ಟ್ಯೂಬ್ ಆದರೆ 300 ವೋಲ್ಟ್ ದಾಟಬೇಡಿ.

ರಿಪೆಲ್ಲರ್‌ಗೆ ಮೊದಲೇ ಋಣ ವೋಲ್ಟೇಜ್ ಯಾಕೆ ಎಂದು ವೈವಾದಲ್ಲಿ ಕೇಳುತ್ತಾರೆ. ಕ್ಯಾವಿಟಿ (ಟ್ಯೂಬ್‌ನೊಳಗೆ ಅಲೆ ಹುಟ್ಟುವ ಲೋಹದ ಪೊಳ್ಳು) ದಾಟಿ ಬಂದ ಎಲೆಕ್ಟ್ರಾನ್‌ಗಳನ್ನು ರಿಪೆಲ್ಲರ್ ತಳ್ಳಿ ವಾಪಸ್ ಕಳಿಸಬೇಕು. ಅದರ ಋಣ ವೋಲ್ಟೇಜ್ ಸಾಲದಿದ್ದರೆ ಎಲೆಕ್ಟ್ರಾನ್‌ಗಳು ನೇರ ಅದಕ್ಕೇ ಬಂದು ಬಡಿಯುತ್ತವೆ, ರಿಪೆಲ್ಲರ್ ಕಾದು ಟ್ಯೂಬ್ ಹಾಳಾಗುತ್ತದೆ. ಎಲೆಕ್ಟ್ರಾನ್‌ಗಳು ಹೋಗಿ ಬರುವ ಹೊತ್ತಿಗೆ ಮುಕ್ಕಾಲು, ಒಂದೂ ಮುಕ್ಕಾಲು, ಎರಡೂ ಮುಕ್ಕಾಲು ಆವರ್ತ ಕಳೆದಿದ್ದರೆ ಆಸಿಲೇಷನ್ ಜೋರಾಗಿರುತ್ತದೆ. ರಿಪೆಲ್ಲರ್ ನಾಬ್ ತಿರುಗಿಸುತ್ತಾ ಹೋದಂತೆ ಮುಳ್ಳು ಎದ್ದು ಬಿದ್ದು ಮತ್ತೆ ಏಳುವುದು ಇದೇ ಕಾರಣಕ್ಕೆ. ಎಲ್ಲಕ್ಕಿಂತ ಎತ್ತರ ಏಳುವ ಮೋಡ್ ಹಿಡಿದು ಅಲ್ಲಿ ನಿಲ್ಲಿಸಿ.

ಈಗ ಮಾಡ್ಯುಲೇಷನ್. ವಿಎಸ್‌ಡಬ್ಲ್ಯುಆರ್ ಮೀಟರ್ (ಲೈನ್‌ನಲ್ಲಿನ ಗರಿಷ್ಠ, ಕನಿಷ್ಠ ವೋಲ್ಟೇಜ್‌ಗಳ ಅನುಪಾತ ತೋರಿಸುವ ಮೀಟರ್) ಕೇಳಿಸಿಕೊಳ್ಳುವುದು 1 ಕಿಲೋಹರ್ಟ್ಸ್ ಒಂದನ್ನೇ. ಎಎಂ ಫ್ರೀಕ್ವೆನ್ಸಿ ನಾಬನ್ನು ಮುಳ್ಳು ಗರಿಷ್ಠ ಏಳುವವರೆಗೆ ಹೊಂದಿಸಿ. ಮಾಡ್ಯುಲೇಷನ್ ಮಾಡುವ ಚೌಕ ಅಲೆಯ ಎತ್ತರವೂ ಸಾಕಷ್ಟಿರಬೇಕು. ಇಲ್ಲದಿದ್ದರೆ ಅಲೆಯ ಕೆಳಗಿನ ಅರ್ಧದಲ್ಲಿ ಕ್ಲೈಸ್ಟ್ರಾನ್ ಪೂರ್ತಿ ನಿಲ್ಲದೆ ಬೇರೊಂದು ಆವರ್ತನದಲ್ಲಿ ಗುನುಗುತ್ತಿರುತ್ತದೆ. ಆಗ ಸ್ಲಾಟೆಡ್ ಲೈನ್‌ನಲ್ಲಿ ಎರಡು ಅಲೆಗಳ ಕನಿಷ್ಠಗಳು (ಮುಳ್ಳು ತೀರಾ ಇಳಿಯುವ ಜಾಗಗಳು) ಒಂದರ ಮೇಲೊಂದು ಬಿದ್ದು, ಚೂಪಾಗಿರಬೇಕಾದ ಜಾಗ ಮಸುಕಾಗುತ್ತದೆ. ಒಮ್ಮೆ ಎಲ್ಲ ಹೊಂದಿದ ಮೇಲೆ ರಿಪೆಲ್ಲರ್ ನಾಬ್ ಮುಟ್ಟಬಾರದು. ಮೋಡ್ ಬದಲಾಗದಿದ್ದರೂ ಆವರ್ತನ ಜಾರುತ್ತದೆ.

ಮೊದಲು ಶಾರ್ಟ್

ಲೋಡ್ ಜಾಗಕ್ಕೆ ಶಾರ್ಟ್ ಪ್ಲೇಟ್ (ವೇವ್‌ಗೈಡ್ ಬಾಯಿ ಪೂರ್ತಿ ಮುಚ್ಚುವ ಲೋಹದ ತಟ್ಟೆ) ಹಾಕಿ. ಎಷ್ಟೋ ಮಂದಿ ಹಾರ್ನ್ (ಬಾಯಿ ಅಗಲಿಸಿದ ಆಂಟೆನಾ) ಅಥವಾ ಮ್ಯಾಚ್ಡ್ ಟರ್ಮಿನೇಷನ್ (ಅಲೆಯನ್ನು ಹೀರಿಕೊಳ್ಳುವ ಲೋಡ್) ಹಾಕಿ ಶುರು ಮಾಡುತ್ತಾರೆ, ಅದು ತಪ್ಪು ಕ್ರಮ. ಶಾರ್ಟ್ ಹಾಕಿದಾಗ ಹೋದ ಅಲೆ ಪೂರ್ತಿ ಹಿಂದಿರುಗಿ ಬರುತ್ತಿರುವ ಅಲೆಯ ಜೊತೆ ಬೆರೆಯುತ್ತದೆ, ಕನಿಷ್ಠಗಳು ಆಳವಾಗಿ, ಚೂಪಾಗಿ ಸಿಗುತ್ತವೆ. ಬೆಂಚ್ ಸರಿ ಇದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಪ್ರೋಬ್ ಎಷ್ಟು ಆಳಕ್ಕಿರಬೇಕು? ಮುಳ್ಳು ಓದುವಷ್ಟು ಅಲುಗಿದರೆ ಸಾಕು, ಆಮೇಲೆ ಒಂದು ಕೂದಲೆಳೆಯೂ ಹೆಚ್ಚು ಬೇಡ. ಆಳಕ್ಕಿಳಿದ ಪ್ರೋಬ್ ತಾನೇ ಒಂದು ಅಡ್ಡಿಯಾಗಿ ಅಲೆಯ ಆಕಾರ ಕೆಡಿಸುತ್ತದೆ. ಗರಿಷ್ಠದ ಎರಡು ಬದಿಯ ಇಳಿಜಾರು ಒಂದೇ ಥರ ಇಲ್ಲದಿದ್ದರೆ ಪ್ರೋಬ್ ಮೇಲೆತ್ತಿ.

ಅಳೆಯಬೇಕಾದದ್ದು ಕನಿಷ್ಠದಿಂದ ಕನಿಷ್ಠಕ್ಕೆ. ಗರಿಷ್ಠದ ತಲೆ ಚಪ್ಪಟೆ, ಅದರ ನೆತ್ತಿ ಎಲ್ಲಿ ಎಂದು ಯಾರೂ ನಿಖರವಾಗಿ ತೋರಿಸಲಾರರು. ಕನಿಷ್ಠದಲ್ಲೂ ತೀರಾ ತಳದಲ್ಲಿ ಮುಳ್ಳು ಸ್ವಲ್ಪ ದೂರ ಅಲುಗದೆ ನಿಂತಿರುತ್ತದೆ. ಅದಕ್ಕೆ ಒಂದು ಉಪಾಯ ಇದೆ: ಕನಿಷ್ಠದ ಎಡಕ್ಕೆ ಸರಿದು ಮುಳ್ಳು ಒಂದು ಗೊತ್ತಾದ ಗೆರೆಗೆ ಬಂದಾಗ ವರ್ನಿಯರ್ ಓದಿ, ಬಲಕ್ಕೆ ಸರಿದು ಅದೇ ಗೆರೆಗೆ ಬಂದಾಗ ಮತ್ತೆ ಓದಿ, ಎರಡರ ಸರಾಸರಿ ತೆಗೆಯಿರಿ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ ಅಷ್ಟೇ.

ಒಂದು ಉದಾಹರಣೆ. ಪಕ್ಕಪಕ್ಕದ ಕನಿಷ್ಠಗಳು 98.0 ಮತ್ತು 120.4 ಮಿ.ಮೀ.ಗೆ ಸಿಕ್ಕವು ಎನ್ನೋಣ. ಅಂತರ 22.4. ಇದು ಅರ್ಧ ತರಂಗಾಂತರ ಮಾತ್ರ, ಹಾಗಾಗಿ ಗೈಡ್ ತರಂಗಾಂತರ 44.8 ಮಿ.ಮೀ. ಈಗ 44.8ರ ವರ್ಗದ ವಿಲೋಮಕ್ಕೆ 45.72ರ ವರ್ಗದ ವಿಲೋಮ ಕೂಡಿಸಿ. ಬಂದ ಮೊತ್ತದ ವರ್ಗಮೂಲ ತೆಗೆದು, ಮತ್ತೆ ವಿಲೋಮ ಮಾಡಿದರೆ ಮುಕ್ತ ಅವಕಾಶದ ತರಂಗಾಂತರ ಸಿಗುತ್ತದೆ: 32.0 ಮಿ.ಮೀ. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ಸುಮಾರು 9.37 ಗಿಗಾಹರ್ಟ್ಸ್.

ತಪ್ಪುಗಳನ್ನೂ ಉತ್ತರ ನೋಡಿಯೇ ಪತ್ತೆ ಹಚ್ಚಬಹುದು. ಉತ್ತರ 6.7 ಗಿಗಾಹರ್ಟ್ಸ್ ಬಂದಿದ್ದರೆ ಗೈಡ್ ತರಂಗಾಂತರವನ್ನೇ ಮುಕ್ತ ತರಂಗಾಂತರ ಎಂದು ಹಾಕಿದ್ದೀರಿ. 14.9 ಬಂದಿದ್ದರೆ 2ರಿಂದ ಗುಣಿಸುವುದು ಮರೆತಿದ್ದೀರಿ. ಎಕ್ಸ್ ಬ್ಯಾಂಡ್ ಬೆಂಚ್ ನಡೆಯುವುದು 8.2ರಿಂದ 12.4ರೊಳಗೆ, ಎರಡೂ ಉತ್ತರ ಅದರಾಚೆ. ಇನ್ನು ಅಂತರದಲ್ಲಿ 0.1 ಮಿ.ಮೀ. ತಪ್ಪಿದರೆ ಆವರ್ತನ ಸುಮಾರು 20 ಮೆಗಾಹರ್ಟ್ಸ್ ಆಚೀಚೆ ಆಗುತ್ತದೆ. ಹಾಗಾಗಿ ಒಂದರ ಬದಲು ಮೂರು ಅಂತರ ಅಳೆದು ಭಾಗಿಸುವುದು ಲೇಸು.

ಇದನ್ನು ಫ್ರೀಕ್ವೆನ್ಸಿ ಮೀಟರ್ ಜೊತೆ ತಾಳೆ ನೋಡಿ. ಅದರ ಡ್ರಮ್ ನಿಧಾನ ತಿರುಗಿಸಿದಾಗ ಒಂದು ಕಡೆ ಮುಳ್ಳು ಗಕ್ಕನೆ ಕುಸಿಯುತ್ತದೆ, ಅಲ್ಲಿರುವ ಅಂಕಿಯೇ ಆವರ್ತನ. ಓದಿದ ಮೇಲೆ ಡ್ರಮ್ ಅಲ್ಲಿಂದ ಸರಿಸುವುದನ್ನು ಮರೆಯಬೇಡಿ. ಸರಿಸದಿದ್ದರೆ ಕ್ಯಾವಿಟಿ ಪವರ್ ನುಂಗುತ್ತಲೇ ಇರುತ್ತದೆ, ಮುಂದಿನ ರೀಡಿಂಗ್‌ಗಳೆಲ್ಲ ಎಡವಟ್ಟು.

ವಿಎಸ್‌ಡಬ್ಲ್ಯುಆರ್ ಮತ್ತು ಇಂಪೀಡೆನ್ಸ್

ಶಾರ್ಟ್ ತೆಗೆದು ಲೋಡ್ ಹಾಕಿ. ಗರಿಷ್ಠದಲ್ಲಿ ಗೇನ್ ನಾಬ್‌ನಿಂದ ಮುಳ್ಳನ್ನು 1.0ಕ್ಕೆ ತಂದು, ಕನಿಷ್ಠಕ್ಕೆ ಸರಿದು ಓದಿ. ಮುಳ್ಳು 3.2 ದಾಟಿದರೆ ರೇಂಜ್ 10 ಡಿಬಿ (ಡೆಸಿಬೆಲ್) ಬದಲಿಸಿ ಕೆಳಗಿನ ಸ್ಕೇಲ್ ಓದಿ. 2 ಬಂದರೆ ಒಂಬತ್ತರಲ್ಲಿ ಒಂದು ಪಾಲು ಪವರ್ ವಾಪಸ್ ಬರುತ್ತಿದೆ. 1.5 ಬಂದರೆ ಬರೀ 4 ಶೇಕಡ. 10ರ ಆಸುಪಾಸು ಹೋದಾಗ ಈ ವಿಧಾನ ನಂಬಬೇಡಿ. ಕನಿಷ್ಠದ ಎರಡು ಬದಿಯಲ್ಲಿ 3 ಡಿಬಿ ಮೇಲೇಳುವ ಜಾಗಗಳ ಅಂತರ ಅಳೆದು, ಗೈಡ್ ತರಂಗಾಂತರವನ್ನು ಆ ಅಂತರ ಮತ್ತು 3.14ರ ಗುಣಲಬ್ಧದಿಂದ ಭಾಗಿಸಿ. ಅಂತರ 1.2 ಮಿ.ಮೀ. ಇದ್ದರೆ ಉತ್ತರ ಸುಮಾರು 11.9.

ಮೀಟರ್ ಬದಲು ಸಿಆರ್‌ಒದಲ್ಲಿ (ಆಸಿಲೋಸ್ಕೋಪ್) ನೋಡುವವರು ಬೀಳುವ ಗುಂಡಿ ಬೇರೆ. ಕ್ರಿಸ್ಟಲ್ ಡಿಟೆಕ್ಟರ್ ಕೊಡುವುದು ವಿದ್ಯುತ್ ಕ್ಷೇತ್ರದ ವರ್ಗಕ್ಕೆ ಅನುಗುಣವಾದ ವೋಲ್ಟೇಜ್. ಪರದೆಯಲ್ಲಿ 4ಕ್ಕೆ 1 ಕಂಡರೆ ವಿಎಸ್‌ಡಬ್ಲ್ಯುಆರ್ 2, ನಾಲ್ಕಲ್ಲ. ಪವರ್ ಜಾಸ್ತಿಯಾದರೆ ಡಿಟೆಕ್ಟರ್ ಈ ನಿಯಮವನ್ನೂ ಬಿಡುತ್ತದೆ. ಅಟೆನ್ಯುಯೇಟರ್‌ನಲ್ಲಿ 3 ಡಿಬಿ ಇಳಿಸಿ, ಮೀಟರ್ ಕೂಡ 3 ಡಿಬಿಯೇ ಇಳಿಯಿತೇ ನೋಡಿ.

ಲೋಡ್‌ನ ಇಂಪೀಡೆನ್ಸ್ (ಅಲೆಗೆ ಅದು ಒಡ್ಡುವ ಅಡ್ಡಿ) ಕಂಡುಹಿಡಿಯಲು ಶಾರ್ಟ್ ಹಾಕಿದಾಗಿನ ಕನಿಷ್ಠದ ಜಾಗ ಬೇಕು, ಅದನ್ನು ಆಗಲೇ ಬರೆದುಕೊಂಡಿದ್ದೀರಿ. ಲೋಡ್ ಹಾಕಿದ ಮೇಲೆ ಕನಿಷ್ಠ 5.6 ಮಿ.ಮೀ. ಕ್ಲೈಸ್ಟ್ರಾನ್ ಕಡೆ ಸರಿದಿದೆ, ವಿಎಸ್‌ಡಬ್ಲ್ಯುಆರ್ 2 ಎಂದಿಟ್ಟುಕೊಳ್ಳಿ. 5.6 ಭಾಗಿಸು 44.8 ಎಂದರೆ 0.125. ಸ್ಮಿತ್ ಚಾರ್ಟ್‌ನ (ಇಂಪೀಡೆನ್ಸ್ ಓದುವ ವೃತ್ತಾಕಾರದ ನಕ್ಷೆ) ಎಡ ಅರ್ಧದಲ್ಲಿ, ಅಡ್ಡಗೆರೆಯ ಮೇಲಿನ 0.5ರಿಂದ (ವಿಎಸ್‌ಡಬ್ಲ್ಯುಆರ್ 2ರ ವಿಲೋಮ) ಹೊರಟು, ಲೋಡ್ ಕಡೆಗೆ ಎಂದು ಬರೆದಿರುವ ದಿಕ್ಕಿನಲ್ಲಿ 0.125 ಸುತ್ತಿ. ವಾಸ್ತವ ಭಾಗ 0.8, ಕಾಲ್ಪನಿಕ ಭಾಗ ಋಣ 0.6 ಸಿಗುತ್ತದೆ, ಲೋಡ್ ಕೆಪ್ಯಾಸಿಟಿವ್. ದಿಕ್ಕು ತಪ್ಪಿದರೆ ಚಿಹ್ನೆ ಉಲ್ಟಾ ಆಗಿ ಇಂಡಕ್ಟಿವ್ ಎಂದು ಬರೆದುಬಿಡುತ್ತೀರಿ. ಎಕ್ಸ್‌ಟರ್ನಲ್ (ಹೊರಗಿನಿಂದ ಬರುವ ಪರೀಕ್ಷಕರು) ಮೊದಲು ನೋಡುವುದೂ ಅದನ್ನೇ.

ಹಾರ್ನ್ ಇಡುವ ದೂರ

ಆಂಟೆನಾ ಪ್ರಯೋಗದಲ್ಲಿ ಎರಡು ಹಾರ್ನ್‌ಗಳನ್ನು ಮೇಜಿನ ಮೇಲೆ ಒಂದಡಿ ದೂರದಲ್ಲಿಟ್ಟು ರೀಡಿಂಗ್ ತೆಗೆಯುವುದು ಮಾಮೂಲಾಗಿದೆ. ಹಾರ್ನ್ ಬಾಯಿಯ ಅಗಲ 10 ಸೆಂ.ಮೀ. ಇದ್ದರೆ, ಅದರ ವರ್ಗದ ಎರಡರಷ್ಟನ್ನು ಮುಕ್ತ ತರಂಗಾಂತರವಾದ 3.2 ಸೆಂ.ಮೀ.ಯಿಂದ ಭಾಗಿಸಿ: ಕನಿಷ್ಠ 62.5 ಸೆಂ.ಮೀ. ಬೇಕು. ಅದಕ್ಕಿಂತ ಹತ್ತಿರ ತೆಗೆದ ಗೇನ್ ಅಂಕಿಗೆ ಅರ್ಥವಿಲ್ಲ.

ಇದೇ ಅಲೆಯನ್ನು ಮೈಸೂರಿನಿಂದ ಶ್ರೀರಂಗಪಟ್ಟಣದ ಕಡೆಗೆ 15 ಕಿ.ಮೀ. ಕಳಿಸುವ ಲೆಕ್ಕ ಹಾಕಿ ನೋಡಿ. ಖಾಲಿ ಜಾಗದಲ್ಲೇ 135 ಡಿಬಿ ನಷ್ಟ. ನಡುದಾರಿಯಲ್ಲಿ ಮೊದಲ ಫ್ರೆನೆಲ್ ವಲಯದ (ದೃಷ್ಟಿರೇಖೆಯ ಸುತ್ತ ಅಲೆಗೆ ಬೇಕಾದ ಜಾಗ) ತ್ರಿಜ್ಯ ಸುಮಾರು 11 ಮೀಟರ್, ಅದರಲ್ಲಿ 60 ಶೇಕಡವಾದರೂ ತೆರವಿರಬೇಕು. ಒಂದು ಟವರ್‌ನಿಂದ ಇನ್ನೊಂದು ಕಣ್ಣಿಗೆ ಕಂಡರೆ ಸಾಕು ಎನ್ನುವಂತಿಲ್ಲ. ನಡುವಿನ ತೆಂಗಿನ ತೋಟದ ಸುಳಿಗಳಿಗಿಂತ ಆರೇಳು ಮೀಟರ್ ಮೇಲೆ ದೃಷ್ಟಿರೇಖೆ ಹಾಯಬೇಕು.

ಲ್ಯಾಬ್ ಮುಗಿದಾಗ ಬೀಮ್ ವೋಲ್ಟೇಜ್ ಮೊದಲು ಇಳಿಸಿ, ರಿಪೆಲ್ಲರ್ ಗರಿಷ್ಠ ಋಣಕ್ಕೆ ಒಯ್ದು, ಆಮೇಲೆ ಸಪ್ಲೈ ಆರಿಸಿ. ಟ್ಯೂಬ್ ತಣಿಯುವವರೆಗೆ ಫ್ಯಾನ್ ಓಡುತ್ತಿರಲಿ. ಪವರ್ ಇರುವಾಗ ತೆರೆದ ವೇವ್‌ಗೈಡ್‌ನ ಬಾಯಿಗೆ ಕಣ್ಣಿಟ್ಟು ಇಣುಕಬೇಡಿ. ಹೊರಬರುವುದು ಮಿಲಿವ್ಯಾಟ್‌ಗಳೇ ಆದರೂ ಆ ಅಭ್ಯಾಸ ಬೇಡ.