ಮೀನು ಬಿಡುವ ಮೊದಲು ನೀರು ಪಳಗಲಿ

ಹಿತ್ತಲಲ್ಲಿ ಮೀನು ಸಾಕಿ ಅದೇ ನೀರಲ್ಲಿ ಸೊಪ್ಪು ಬೆಳೆಯಬೇಕು ಅಂತ ಬರುವವರು ಮೊದಲು ಕೇಳುವುದು, ಯಾವ ಮೀನು ಬಿಡೋಣ ಅಂತ. ನಾನು ತಿರುಗಿ ಕೇಳುವುದು, ಡ್ರಮ್ಮು ಎಲ್ಲಿಂದ ತಂದಿರಿ ಅಂತ. ಚಿಕ್ಕಮಗಳೂರಿನ ಸುತ್ತ ಯಾರ ಮನೆಯ ಹಿಂದೆ ನೋಡಿದರೂ ಒಂದೆರಡು ನೀಲಿ ಡ್ರಮ್ಮು ಇರುತ್ತವೆ. ಸುಮ್ನೆ ಬಿದ್ದಿದೆಯಲ್ಲ, ಇದನ್ನೇ ಸೀಳಿ ಬಳಸೋಣ ಅನಿಸುವುದು ಸಹಜ. ಆದರೆ ಅದರಲ್ಲಿ ಬೋರ್ಡೋ ಕಲಸಿದ್ದರೆ ಬೇಡವೇ ಬೇಡ. ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ. ಮೈಲುತುತ್ತದಲ್ಲಿ ಇರುವುದು ತಾಮ್ರ. ಕಾಫಿ, ಮೆಣಸು, ಅಡಿಕೆಗೆ ಅದು ಔಷಧಿ, ಮೀನಿಗೆ ವಿಷ. ಅದರಲ್ಲೂ ನಮ್ಮ ಮಲೆನಾಡಿನ ಮೆದು ನೀರಿನಲ್ಲಿ ಅದರ ವಿಷ ಗಡಸು ನೀರಿಗಿಂತ ಜಾಸ್ತಿ. ನಾಲ್ಕು ಸಲ ಸೋಪು ಹಾಕಿ ಉಜ್ಜಿದ್ದೇನೆ ಅನ್ನುತ್ತಾರೆ. ಉಜ್ಜಿದ ಡ್ರಮ್ಮಿನಲ್ಲಿ ಗಿಡಕ್ಕೆ ಗೊಬ್ಬರ ನೆನೆಹಾಕಿಕೊಳ್ಳಿ. ಮೀನಿಗೆ ಅಡುಗೆ ಎಣ್ಣೆ, ಹಣ್ಣಿನ ರಸ ತುಂಬಿ ಬಂದ ಡ್ರಮ್ಮು ತನ್ನಿ, ಇಲ್ಲವೇ ಹೊಸ ಟ್ಯಾಂಕೇ ಕೊಳ್ಳಿ.

ತಾಮ್ರದ ಮಾತು ಬಂದಾಗಲೇ ಹೇಳಿಬಿಡುತ್ತೇನೆ. ಹಿತ್ತಾಳೆ ನಲ್ಲಿ, ತಾಮ್ರದ ಕೊಳವೆ ಈ ನೀರಿಗೆ ತಾಗಬಾರದು. ಎಲ್ಲವೂ ಪಿವಿಸಿ ಇರಲಿ. ಹೊಸ ಜಿಂಕ್ ಶೀಟಿನ ಮೇಲಿಂದ ಬಿದ್ದ ಮಳೆನೀರೂ ಬೇಡ, ಸತುವು ಮೀನಿಗೆ ಆಗದು. ಪಕ್ಕದ ತೋಟದಲ್ಲಿ ಮಳೆಗಾಲದ ಮುಂಚೆ ಬೋರ್ಡೋ ಹೊಡೆಯುತ್ತಾರಲ್ವಾ, ಆ ದಿನ ತೊಟ್ಟಿಗೂ ಸೊಪ್ಪಿನ ಮಡಿಗೂ ಪ್ಲಾಸ್ಟಿಕ್ ಹೊದಿಸಿ. ನಡುವೆ ಮಳೆ ಬಿಟ್ಟಾಗ ಇನ್ನೊಂದು ಸಲ ಹೊಡೆಯುತ್ತಾರೆ, ಆಗಲೂ ಅಷ್ಟೇ. ಯಾವತ್ತು ಹೊಡೆಸುತ್ತೀರಿ ಅಂತ ಪಕ್ಕದವರನ್ನು ಒಂದು ಮಾತು ಕೇಳಿಟ್ಟುಕೊಂಡರೆ ಆಯಿತು.

ಮೊದಲ ಸಲಕ್ಕೆ 500 ಲೀಟರಿನ ತೊಟ್ಟಿ ಸಾಕು. ಅದಕ್ಕಿಂತ ಚಿಕ್ಕದಾದರೆ ನೀರಿನ ಗುಣ ಬೇಗ ಬೇಗ ಏರುಪೇರಾಗುತ್ತದೆ, ಸಂಭಾಳಿಸುವುದು ಕಷ್ಟ. 500 ಲೀಟರ್ ಅಂದರೆ ನೀರೇ ಅರ್ಧ ಟನ್. ಅದರ ಮೇಲೆ ಮಡಿಗೆ ತುಂಬುವ ಒದ್ದೆ ಜಲ್ಲಿಯ ಭಾರ. ಹಾಗಾಗಿ ತಾರಸಿಯ ಆಸೆ ಬಿಟ್ಟು ನೆಲದ ಮೇಲೇ ಕೂರಿಸಿ. ತೊಟ್ಟಿ ನೆರಳಿನಲ್ಲಿ, ಸೊಪ್ಪಿನ ಮಡಿ ಬಿಸಿಲಿನಲ್ಲಿ. ಮೀನಿನ ನೀರಿಗೆ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಮಡಿಗೆ 200 ಲೀಟರಿನ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಒಂದೊಂದು ಹೋಳೂ ಸುಮಾರು ಒಂದಡಿ ಆಳ ಬರುತ್ತದೆ, ಬೇಕಾಗಿರುವುದೂ ಅಷ್ಟೇ ಆಳ. ಮೂರು ಹೋಳಿನಿಂದ ಶುರು ಮಾಡಿ, ಮೀನು ದೊಡ್ಡದಾದ ಹಾಗೆ ಐದಕ್ಕೆ ಏರಿಸಿ. ಆಗ ತೊಟ್ಟಿಯಷ್ಟೇ ಮಡಿಯೂ ಆಗುತ್ತದೆ.

ಜಲ್ಲಿ 12ರಿಂದ 20 ಎಂಎಂ ಇರಲಿ. ಒಂದು ಹಿಡಿ ಕಲ್ಲಿನ ಮೇಲೆ ವಿನೆಗರ್ ಹಾಕಿ ನೋಡಿ. ನೊರೆ ಎದ್ದರೆ ಸುಣ್ಣದ ಅಂಶ ಇದೆ, ಆ ಕಲ್ಲು ಬೇಡ. ಆಮೇಲೆ ತೊಳೆಯುವ ಕೆಲಸ. ಕ್ರಷರಿನ ಪುಡಿ ಪೂರ್ತಿ ಹೋಗುವ ತನಕ ತೊಳೆಯಬೇಕು. ಬೇಸರದ ಕೆಲಸವೇ, ಆದರೆ ಇಲ್ಲಿ ಸೋಮಾರಿತನ ಮಾಡಿದರೆ ಪಂಪು ಕಟ್ಟಿಕೊಳ್ಳುತ್ತದೆ.

ಪಂಪು ಗಂಟೆಗೆ ಒಂದು ಸಲವಾದರೂ ತೊಟ್ಟಿಯ ನೀರನ್ನೆಲ್ಲ ಮಡಿಗೆ ಎತ್ತಬೇಕು. ಎತ್ತರ ಹೆಚ್ಚಿದ ಹಾಗೆ ಪಂಪಿನ ಶಕ್ತಿ ಇಳಿಯುತ್ತದೆ. ಟೈಮರ್ ಹಾಕಿ 15 ನಿಮಿಷ ಓಡಿಸಿ 45 ನಿಮಿಷ ನಿಲ್ಲಿಸುವುದಾದರೆ ಓಡುವ ಹೊತ್ತೂ ಕಡಿಮೆ. ಅದಕ್ಕೇ ಗಂಟೆಗೆ 2000 ಲೀಟರಿಗಿಂತ ಹೆಚ್ಚು ಅಂತ ಬರೆದಿರುವುದನ್ನೇ, ಸ್ವಲ್ಪ ದೊಡ್ಡದನ್ನೇ ತನ್ನಿ. ನಿಂತಾಗ ನೀರು ತಾನೇ ಇಳಿದು ತೊಟ್ಟಿಗೆ ವಾಪಸ್ ಬರಲಿ, ಆಗಲೇ ಬೇರಿಗೆ ಗಾಳಿ ಸಿಗುವುದು. ಮಡಿಯಲ್ಲಿ ನೀರಿನ ಮಟ್ಟ ಹಿಡಿಯಲು ನೆಟ್ಟಗೆ ನಿಲ್ಲಿಸುವ ಪೈಪಿನ ಬುಡದಲ್ಲಿ ಎರಡು ಸಣ್ಣ ತೂತು ಕೊರೆದರೆ ಇಷ್ಟು ಕೆಲಸ ಆಗುತ್ತದೆ. ಬೆಲ್ ಸೈಫನ್ ಅಂತ ಇನ್ನೊಂದಿದೆ. ತಾನೇ ತುಂಬಿ ತಾನೇ ಗುಳಗುಳ ಅಂತ ಖಾಲಿಯಾಗುವುದು ನೋಡುವುದಕ್ಕೆ ಚಂದ. ನಮ್ಮ ಮನೆಯವರಿಗೆ ಅದೆಂದರೆ ಪ್ರಾಣ, ದಿನಾ ಅದನ್ನು ಬಿಚ್ಚಿ ಸರಿಮಾಡುತ್ತಾ ಕೂತಿರುತ್ತಾರೆ. ನನ್ನ ಓಟು ಟೈಮರಿಗೆ. ಜಲ್ಲಿಯ ಮೇಲಿನ ಒಂದಿಂಚು ಯಾವಾಗಲೂ ಒಣಗಿರಲಿ, ಪಾಚಿಯೂ ಬರುವುದಿಲ್ಲ, ಸೊಳ್ಳೆಯೂ ಮೊಟ್ಟೆ ಇಡುವುದಿಲ್ಲ. ನೀರಿನ ಪಕ್ಕ ಕರೆಂಟಿನ ಕೆಲಸ, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸಾಧನ) ಇಲ್ಲದೆ ಸ್ವಿಚ್ ಒತ್ತಬೇಡಿ.

ಇನ್ನು ನೀರು. ಪುರಸಭೆಯ ನೀರಾದರೆ ಕ್ಲೋರಿನ್ ಇರುತ್ತದೆ. ಎರಡು ದಿನ ತೆರೆದಿಟ್ಟು ಗಾಳಿ ಪಂಪು ಹಾಕಿಡಿ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಬಾವಿ ನೀರು ಮೆದು. ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಬೇಗ ಕುಸಿಯುತ್ತದೆ. ಕಡೂರು, ಅರಸೀಕೆರೆ ಕಡೆಯ ಬೋರಿನ ನೀರು ಗಡಸು, ಅಲ್ಲಿ ಪಿಎಚ್ ಮೇಲೆಯೇ ಕೂರುತ್ತದೆ. ಮೀನು, ಗಿಡ, ಸೂಕ್ಷ್ಮಜೀವಿ ಮೂರಕ್ಕೂ ಹೊಂದುವುದು 6.8ರಿಂದ 7.2. ಮೆದು ನೀರಿನವರು ತೊಳೆದು ಒಣಗಿಸಿದ ಮೊಟ್ಟೆ ಸಿಪ್ಪೆಯನ್ನೋ ಕಪ್ಪೆಚಿಪ್ಪನ್ನೋ ಬಟ್ಟೆ ಚೀಲದಲ್ಲಿ ಕಟ್ಟಿ ತೊಟ್ಟಿಯಲ್ಲಿ ಬಿಡಿ. ಅದು ನಿಧಾನಕ್ಕೆ ಕರಗಿ ಪಿಎಚ್ ಹಿಡಿದಿಡುತ್ತದೆ. ಗಡಸು ನೀರಿನವರು ಹೆಂಚಿನ ಮೇಲಿನ ಮಳೆನೀರು ಹಿಡಿದು ಬೆರೆಸಿ. ಹುಳಿ ಬೇಕಲ್ಲ ಅಂತ ನಿಂಬೆಹಣ್ಣು ಹಿಂಡುವವರಿದ್ದಾರೆ, ಅದನ್ನು ಮಾತ್ರ ಮಾಡಬೇಡಿ. ಆ ಹುಳಿ ನಮಗೆ ಬೇಕಾದ ಸೂಕ್ಷ್ಮಜೀವಿಯನ್ನೇ ಹೊಡೆಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬಂದೆ. ನೀರು ತುಂಬಿಸಿ ಮಾರನೇ ದಿನವೇ ಮೀನು ಬಿಡುವವರು ವಾರದೊಳಗೆ ಮೀನು ಸತ್ತವು ಅಂತ ಫೋನು ಮಾಡುತ್ತಾರೆ. ಸಾಯದೆ ಇನ್ನೇನು? ಮೀನಿನ ಕಿವಿರಿನಿಂದ, ಹಿಕ್ಕೆಯಿಂದ ಅಮೋನಿಯಾ ಬರುತ್ತದೆ. ಅದು ಮೀನಿಗೇ ವಿಷ. ಅದನ್ನು ತಿನ್ನುವ ಒಂದು ಜಾತಿಯ ಬ್ಯಾಕ್ಟೀರಿಯಾ ಇದೆ, ನೈಟ್ರೋಸೊಮೊನಾಸ್ ಅಂತ. ಅದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟೂ ವಿಷವೇ. ಅದನ್ನು ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತದೆ. ಗಿಡಕ್ಕೆ ಚೆನ್ನಾಗಿ ಹಿಡಿಸುವುದು ಈ ನೈಟ್ರೇಟ್. ಈ ಎರಡೂ ಜಾತಿ ಜಲ್ಲಿಯ ಮೈಮೇಲೆ ಮನೆ ಮಾಡಿಕೊಳ್ಳುವ ತನಕ ಕಾಯುವುದಕ್ಕೇ ಸೈಕ್ಲಿಂಗ್ ಅನ್ನುವುದು. ಮೀನು ಆಮೇಲೆ.

ಮೀನಿಲ್ಲದೆ ಅಮೋನಿಯಾ ಎಲ್ಲಿಂದ ಬರಬೇಕು? ನವಸಾಗರ ಹಾಕಿ. ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಾರಲ್ಲ, ಅದೇ ಅಮೋನಿಯಂ ಕ್ಲೋರೈಡ್. ಆದರೆ ಅಂಗಡಿಯ ಗಟ್ಟಿ ಬೇಡ, ಕಾಲೇಜಿನ ಲ್ಯಾಬಿಗೆ ಕೊಡುವ ಅಂಗಡಿಯಲ್ಲಿ ಶುದ್ಧವಾದದ್ದು ಸಿಗುತ್ತದೆ. 500 ಲೀಟರಿಗೆ 4 ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಸುಪಾಸಿಗೆ ಬರುತ್ತದೆ. ಅದು ಸಿಗದಿದ್ದರೆ ಮೀನಿನ ಆಹಾರವನ್ನೇ ಒಂದು ಹಿಡಿ ಕೊಳೆಯಲು ಬಿಡಿ. ನಿಧಾನ, ವಾಸನೆ ಬೇರೆ. ಹಟ್ಟಿಯಲ್ಲಿ ಗಂಜಲ ಇದೆಯಲ್ಲ, ಅದನ್ನೇ ಹಾಕೋಣ ಅಂತ ಹಳ್ಳಿ ಮನೆಯವರು ಹೇಳುತ್ತಾರೆ. ಬೇಡ. ದನದ ಹೊಟ್ಟೆಯ ರೋಗಾಣು ನಾವು ಹಸಿಯಾಗಿ ತಿನ್ನುವ ಕೊತ್ತಂಬರಿಗೆ ಹತ್ತುತ್ತದೆ. ಸಗಣಿಗೂ ಇದೇ ಮಾತು.

ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದಕ್ಕೂ ಹಳೆಯದನ್ನು ಸ್ವಲ್ಪ ಸೇರಿಸಿದರೆ ಕೆಲಸ ಬೇಗ. ಆರೋಗ್ಯವಾಗಿರುವ ಅಕ್ವೇರಿಯಂ ಯಾರ ಮನೆಯಲ್ಲಾದರೂ ಇದ್ದರೆ ಅದರ ಫಿಲ್ಟರಿನ ಸ್ಪಂಜನ್ನು ನಿಮ್ಮ ತೊಟ್ಟಿಯಲ್ಲಿ ಹಿಂಡಿ. ಚಾಲ್ತಿಯಲ್ಲಿರುವ ಮಡಿಯ ಒಂದು ಬುಟ್ಟಿ ಜಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ತೊಳೆಯದೆ, ಒಣಗಿಸದೆ, ಬಿಸಿಲಿಗೆ ಹಿಡಿಯದೆ ತನ್ನಿ.

ಅಕ್ವೇರಿಯಂ ಅಂಗಡಿಯಲ್ಲಿ ಹನಿ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ. ದುಡ್ಡು ಉಳಿಸಬೇಕಾದ ಜಾಗ ಇದಲ್ಲ. ಮೊದಲು ಅಮೋನಿಯಾ ಏರಿ ನಿಲ್ಲುತ್ತದೆ. ಒಂದೆರಡು ವಾರದಲ್ಲಿ ಇಳಿಯಲು ಶುರು, ನೈಟ್ರೈಟ್ ಮೇಲೇಳುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಅಮೋನಿಯಾ ಸೊನ್ನೆ, ನೀರು ಕನ್ನಡಿಯಷ್ಟು ತಿಳಿ, ಇನ್ನೇನು ಬೇಕು ಅಂತ ಮೀನು ತರುತ್ತಾರೆ. ನೈಟ್ರೈಟ್ ಆಗ ನೆತ್ತಿಯಲ್ಲಿರುತ್ತದೆ. ಅದು ಮೀನಿನ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವುದನ್ನು ಬಿಡುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಲ್ಲಿ ಗಾಳಿ ಎಷ್ಟಿದ್ದರೂ ಮೀನು ಉಸಿರು ಕಟ್ಟಿ ಸಾಯುತ್ತದೆ. ಹಾಗಾಗಿ ಕಿಟ್ ಹೇಳುವುದನ್ನು ಕೇಳಿ, ಕಣ್ಣು ಹೇಳುವುದನ್ನಲ್ಲ. ನೈಟ್ರೈಟ್ ಬಣ್ಣ ಚಾರ್ಟಿನ ಕೊನೆ ಮುಟ್ಟಿದರೆ ಒಂದೆರಡು ದಿನ ನವಸಾಗರ ನಿಲ್ಲಿಸಿ.

ನೀರು ಆಗಿದೆಯೋ ಇಲ್ಲವೋ ಅಂತ ಹೀಗೆ ನೋಡಿ. ಸಂಜೆ 4 ಗ್ರಾಂ ನವಸಾಗರ ಹಾಕಿ. ಮಾರನೇ ಸಂಜೆಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಬೇಕು. ಮೂರು ದಿನ ಬಿಡದೆ ಹೀಗೇ ಬಂದರೆ ಆಯಿತು. ಬೆಚ್ಚಗಿನ ದಿನಗಳಲ್ಲಿ ಇದಕ್ಕೆ ನಾಲ್ಕರಿಂದ ಆರು ವಾರ. ಧನುರ್ಮಾಸದ ಚಳಿಯಲ್ಲಿ ಶುರು ಮಾಡಿದರೆ ಇನ್ನೂ ಎಳೆಯುತ್ತದೆ, ಬ್ಯಾಕ್ಟೀರಿಯಾಕ್ಕೆ ಇಷ್ಟವಾದದ್ದು 25 ಡಿಗ್ರಿ ಮೇಲೆ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದಲ್ಲ, ಆಮೇಲೆ ಹೊಸ ತೊಟ್ಟಿ ಶುರು ಮಾಡಿ. ಬೇಸಿಗೆಯಲ್ಲಿ ನೀರು ಪಳಗುತ್ತದೆ, ಮಳೆಗಾಲಕ್ಕೆ ಮೀನುಮರಿ ಸಿಗುತ್ತದೆ. ನೈಟ್ರೇಟ್ ಕಂಡ ಕೂಡಲೇ ಪುದೀನ, ಬಸಳೆ ಕಡ್ಡಿ ಚುಚ್ಚಿಬಿಡಿ.

ಮೀನಿನ ವಿಷಯಕ್ಕೆ ಬಂದರೆ ನನ್ನ ಆಯ್ಕೆ ಸಾಮಾನ್ಯ ಗೆಂಡೆ. ನಮ್ಮ ಚಳಿ ತಡೆಯುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ. ಕಾಟ್ಲಾಗೆ ಕೆರೆಯೇ ಬೇಕು. ತಿಲಾಪಿಯಾಕ್ಕೆ ಡಿಸೆಂಬರ್ ರಾತ್ರಿ ಬಂದರೆ ಊಟ ಸೇರುವುದಿಲ್ಲ, ಸಾಕುವುದಕ್ಕೆ ಅನುಮತಿಯೂ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ದೇಶದಲ್ಲಿ ನಿಷೇಧ, ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಮೀನು ತಿನ್ನದ ಮನೆಯವರು ಕೋಯಿ, ಗೋಲ್ಡ್‌ಫಿಶ್ ಸಾಕಿ, ಸೊಪ್ಪು ಅದಕ್ಕೇನೂ ಭೇದ ಮಾಡುವುದಿಲ್ಲ. 1000 ಲೀಟರಿಗೆ 20 ಕೇಜಿ ಮೀನು ಅನ್ನುವುದು ಮೇಲಿನ ಮಿತಿ. ಮೊದಲ ವರ್ಷ ಅದರ ಅರ್ಧದಲ್ಲಿರಿ. 500 ಲೀಟರಿಗೆ 20 ಮರಿ, ಕಾಲು ಕೇಜಿ ತೂಗುವ ಹೊತ್ತಿಗೆ 5 ಕೇಜಿ ಆಗುತ್ತದೆ.

ಮೀನು ಹಾಕಿದ್ದನ್ನು ಐದು ನಿಮಿಷದಲ್ಲಿ ತಿಂದು ಮುಗಿಸಬೇಕು. ಉಳಿದದ್ದನ್ನು ಬಲೆಯಲ್ಲಿ ಎತ್ತಿಬಿಡಿ. ಮನೆಗೆ ಬಂದ ಮೊಮ್ಮಕ್ಕಳು ಹಿಡಿ ಹಿಡಿ ಸುರಿಯುತ್ತಾರೆ, ಡಬ್ಬಿ ಮೇಲಿಡಿ! ಮೀನು ಬೆಳಗ್ಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ಊಟ ನಿಲ್ಲಿಸಿ, ಗಾಳಿ ಪಂಪು ನೋಡಿ, ಆಮೇಲೆ ಕಿಟ್ ತೆಗೆಯಿರಿ. ನೈಟ್ರೈಟ್ ಕಂಡರೆ ಮೂರರಲ್ಲಿ ಒಂದು ಪಾಲು ನೀರು ಬದಲಿಸಿ, ಅಯೋಡಿನ್ ಇಲ್ಲದ ಉಪ್ಪು ಅರ್ಧ ಕೇಜಿ ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡು ನೈಟ್ರೈಟನ್ನು ಮೀನಿನ ಮೈಯೊಳಗೆ ಬಿಡುವುದಿಲ್ಲ.

ಸೊಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೇ ಗೊತ್ತು. ಒಂದೆಲಗ, ಪಾಲಕ್, ಹರಿವೆ ಎಲ್ಲ ಬರುತ್ತವೆ. ಗೆಡ್ಡೆ ತರಕಾರಿ ಜಲ್ಲಿಯಲ್ಲಿ ಸೊಟ್ಟ ಆಗುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ ಸಾಲದು. ಕೀಲೇಟೆಡ್ ಕಬ್ಬಿಣ (ನೀರಲ್ಲಿ ಕರಗಿಯೇ ಇದ್ದು ಗಿಡಕ್ಕೆ ಸಿಗುವ ರೂಪದ್ದು) ತಂದು ಹಾಕಿ, ತುಕ್ಕು ಹಿಡಿದ ಮೊಳೆ ಹಾಕಿದರೆ ಏನೂ ಆಗುವುದಿಲ್ಲ. ಪಳಗಿದ ಮಡಿಗೆ ನಾಲ್ಕು ಎರೆಹುಳು ಬಿಟ್ಟರೆ ಹಿಕ್ಕೆ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತವೆ. ಹುಳ ಬಂತು ಅಂತ ಔಷಧಿ ಹೊಡೆಯಬೇಡಿ, ಬೇವಿನೆಣ್ಣೆ ಕೂಡ ನೀರಿಗೆ ಬೀಳಬಾರದು. ಕೈಯಲ್ಲೇ ಆರಿಸಿ.

ಆಷಾಢದ ಮಳೆಗೆ ಇದು ತೆರೆದಿದ್ದರೆ ತೊಟ್ಟಿ ಉಕ್ಕಿ ಹರಿಯುತ್ತದೆ, ಪಿಎಚ್ ಬೀಳುತ್ತದೆ. ಮೇಲೆ ಪಾರದರ್ಶಕ ಶೀಟು ಹಾಕಿ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ. ಅದಕ್ಕೇ ಗಾಳಿ ಪಂಪನ್ನು ಮನೆಯ ಇನ್ವರ್ಟರ್ ಲೈನಿಗೆ ಕೊಡಿ. ನೀರೆತ್ತುವ ಪಂಪು ಒಂದು ದಿನ ನಿಂತರೂ ಜಲ್ಲಿ ಒದ್ದೆ ಇದ್ದರೆ ಬ್ಯಾಕ್ಟೀರಿಯಾ ಉಳಿಯುತ್ತದೆ. ಗಾಳಿ ನಿಂತರೆ ಮೀನು ರಾತ್ರಿಯೊಳಗೇ ಹೋಗುತ್ತದೆ. ತೊಟ್ಟಿಯ ಬಾಯಿಗೆ ಬಲೆ ಬಿಗಿಯಾಗಿ ಕಟ್ಟಿ. ಮಿಂಚುಳ್ಳಿ, ಬೆಳ್ಳಕ್ಕಿ, ನೀರೊಳ್ಳೆ ಮೂವರಿಗೂ ವಿಳಾಸ ಬೇಗ ಸಿಗುತ್ತದೆ.

ಮೀನು ಹಿಡಿಯುವಾಗ ಎಲ್ಲವನ್ನೂ ಒಂದೇ ಸಲ ಎತ್ತಬೇಡಿ. ಮೀನಿಲ್ಲದಿದ್ದರೆ ಜಲ್ಲಿಯ ಬ್ಯಾಕ್ಟೀರಿಯಾಕ್ಕೆ ಊಟ ಇಲ್ಲ, ಸೊಪ್ಪಿಗೂ ಇಲ್ಲ. ದೊಡ್ಡದನ್ನು ನಾಲ್ಕೈದು ತೆಗೆದು ಅಷ್ಟೇ ಮರಿ ಬಿಡಿ, ಆದರೆ ದೊಡ್ಡ ಗೆಂಡೆ ತೀರಾ ಸಣ್ಣ ಮರಿಯನ್ನು ನುಂಗಬಹುದು, ಬೆರಳುದ್ದದ್ದನ್ನೇ ತನ್ನಿ. ತೆಗೆದ ಮೀನನ್ನು ಮೂರು ನಾಲ್ಕು ದಿನ ಬೇರೆ ಟಬ್ಬಿನ ತಿಳಿನೀರಲ್ಲಿ ಊಟ ಹಾಕದೆ ಇಟ್ಟರೆ ಮಣ್ಣಿನ ವಾಸನೆ ಹೋಗುತ್ತದೆ. ಆ ಟಬ್ಬಿಗೂ ಗಾಳಿ ಪಂಪು, ಬಲೆ ಎರಡೂ ಬೇಕು. ಮರಿ ಸಿಗದೆ ತೊಟ್ಟಿ ಖಾಲಿ ಬಿಡಬೇಕಾಗಿ ಬಂದರೆ ಪಂಪು ನಿಲ್ಲಿಸದೆ ಎರಡು ದಿನಕ್ಕೊಮ್ಮೆ 2 ಗ್ರಾಂ ನವಸಾಗರ ಹಾಕುತ್ತಿರಿ. ಮರಿ ಬಿಡುವ ಹಿಂದಿನ ದಿನ ಅದನ್ನು ನಿಲ್ಲಿಸಿ, ಕಿಟ್ಟಿನಲ್ಲಿ ಇನ್ನೊಂದು ಸಲ ನೋಡಿ.